ಜ್ವರ ಬಿಟ್ಟ ಮೇಲೆ ಶುಗರ್ ಕಾಣಿಸಿದರೆ: ಮೊದಲ ಮೂರು ತಿಂಗಳಲ್ಲಿ ಮಾಡಬೇಕಾದದ್ದು

ಜೂನ್ ತಿಂಗಳ ಒಂದು ಮಧ್ಯಾಹ್ನ ಶ್ರೀನಿವಾಸಪುರದ ಮಾವಿನ ಮಂಡಿಯಿಂದ ಒಬ್ಬರು ನೇರವಾಗಿ ನಮ್ಮ ಲ್ಯಾಬ್‌ಗೆ ಬಂದರು. ಹತ್ತು ದಿನ ಚಿಕೂನ್‌ಗುನ್ಯ ಜ್ವರದಲ್ಲಿ ಮಲಗಿ ಎದ್ದು, ಎರಡು ದಿನದಿಂದಷ್ಟೇ ಹಣ್ಣು ವಿಂಗಡಿಸುವ ಕೆಲಸಕ್ಕೆ ಮರಳಿದ್ದವರು. ಮಂಡಿಯಲ್ಲಿ ಯಾರೋ ಗ್ಲೂಕೋಮೀಟರ್ ತಂದು ಎಲ್ಲರ ಬೆರಳು ಚುಚ್ಚಿ ನೋಡುತ್ತಿದ್ದರಂತೆ, ಇವರದು 386 ತೋರಿಸಿತಂತೆ. "ಸಾರ್, ಜ್ವರ ಹೋಗುವಾಗ ಶುಗರ್ ಬಿಟ್ಟು ಹೋಯಿತು" ಎಂದು ಕುರ್ಚಿಯಲ್ಲಿ ಕುಸಿದರು. ನಾನು ಅವರ ಕೈ ನೋಡಿದೆ. ಬೆರಳ ಸಂದಿಯಲ್ಲಿ ಬಾದಾಮಿ ಮಾವಿನ ಹಣ್ಣಿನ ರಸ ಒಣಗಿ ಹಳದಿ ಪೊರೆ ಕಟ್ಟಿತ್ತು. ಸೋಪು ಕೊಟ್ಟು ತೊಳೆಸಿ, ಚೆನ್ನಾಗಿ ಒರೆಸಿ, ಇನ್ನೊಂದು ಬೆರಳು ಚುಚ್ಚಿದೆ. 214 ಬಂತು.

ಅಂದರೆ 172 ಅಂಕಿ ಹಣ್ಣಿನದು, ಉಳಿದದ್ದು ಅವರದೇ.

ಆ ಉಳಿದ 214ರ ಬಗ್ಗೆ ಈ ಲೇಖನ. ನಾನು ವೈದ್ಯನಲ್ಲ, ಹದಿನೇಳು ವರ್ಷದಿಂದ ರಕ್ತ ಪರೀಕ್ಷೆ ಮಾಡುತ್ತಿರುವ ಲ್ಯಾಬ್ ತಂತ್ರಜ್ಞ. ಮಳೆ ಹಿಡಿದು, ಟ್ಯಾಂಕರ್ ನೀರು ತುಂಬಿಟ್ಟ ಡ್ರಮ್ಮುಗಳಲ್ಲಿ ಸೊಳ್ಳೆ ಮರಿ ಮಾಡಿ, ಕೋಲಾರ ಜಿಲ್ಲೆಯ ಊರೂರಲ್ಲಿ ಜ್ವರ ಹಬ್ಬಿದ ಮೇಲೆ ಇಂಥವರು ಬಂದೇ ಬರುತ್ತಾರೆ. ಕೆಲವರು ಒಂದೇ ಅಂಕಿ ನೋಡಿ ಜೀವನವೇ ಮುಗಿಯಿತೆಂದು ಕೂರುತ್ತಾರೆ. ಇನ್ನು ಕೆಲವರು "ಅದು ಜ್ವರದ ಶುಗರ್, ತಾನೇ ಹೋಗುತ್ತದೆ" ಎಂದು ಚೀಟಿ ಮಡಚಿ ಜೇಬಿಗೆ ಹಾಕಿಕೊಂಡು ಎರಡು ವರ್ಷ ಈ ಕಡೆ ತಲೆ ಹಾಕುವುದಿಲ್ಲ. ಇಬ್ಬರೂ "ಎಷ್ಟು" ಎಂದಷ್ಟೇ ಕೇಳಿದವರು. ಕೇಳಬೇಕಾದ ಪ್ರಶ್ನೆ ಬೇರೆ: ಈ ಸಕ್ಕರೆ ಯಾವಾಗಿನಿಂದ ಇದೆ?

ಆದರೆ ಅದಕ್ಕೂ ಮೊದಲು ಒಂದು ಕೆಲಸವಿದೆ.

ಹೆಜ್ಜೆ 1: ಇವತ್ತೇ ಆಸ್ಪತ್ರೆ ಸೇರಬೇಕೇ ಎಂದು ನೋಡಿ

ಜ್ವರದ ನಡುವೆಯಾಗಲಿ, ಜ್ವರ ಬಿಟ್ಟ ವಾರಗಳಲ್ಲಾಗಲಿ ತಡೆಯಲಾಗದ ಬಾಯಾರಿಕೆ, ಮತ್ತೆ ಮತ್ತೆ ಮೂತ್ರ, ನೋಡನೋಡುತ್ತಾ ಇಳಿಯುವ ತೂಕ ಕಂಡರೆ ಆ ದಿನವೇ ರಕ್ತದ ಸಕ್ಕರೆ ನೋಡಿಸಬೇಕು. ಇವುಗಳ ಜೊತೆಗೆ ವಾಂತಿ, ಹೊಟ್ಟೆನೋವು, ಓಡಿ ಬಂದವರಂತೆ ಆಳವಾಗಿ ಉಸಿರೆಳೆಯುವುದು, ಬಾಯಿಂದ ಕೊಳೆತ ಹಣ್ಣಿನಂಥ ವಾಸನೆ, ಮಂಪರು ಇದ್ದರೆ ಲ್ಯಾಬ್‌ಗೂ ಬರಬೇಡಿ. 108ಕ್ಕೆ ಕರೆ ಮಾಡಿ, ತುರ್ತು ಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಿ. ದೇಹದಲ್ಲಿ ಇನ್ಸುಲಿನ್ ಇಲ್ಲದಾದಾಗ ಸಕ್ಕರೆ ರಕ್ತದಲ್ಲೇ ನಿಲ್ಲುತ್ತದೆ, ದೇಹ ಕೊಬ್ಬನ್ನು ಸುಟ್ಟುಕೊಂಡು ಬದುಕಲು ನೋಡುತ್ತದೆ. ಹಾಗೆ ಸುಟ್ಟ ಕೊಬ್ಬಿನಿಂದ ಹುಟ್ಟುವ ಕೀಟೋನ್‌ಗಳು ರಕ್ತವನ್ನು ಆಮ್ಲವಾಗಿಸುತ್ತವೆ. ಇದಕ್ಕೆ ಕೀಟೋ ಆಸಿಡೋಸಿಸ್ ಎನ್ನುತ್ತಾರೆ. ಇಲ್ಲಿ ದಿನಗಳ ಲೆಕ್ಕವಿಲ್ಲ, ಗಂಟೆಗಳ ಲೆಕ್ಕ.

ಮುಳಬಾಗಿಲು ಕಡೆಯ ಹಳ್ಳಿಯೊಂದರ ಹದಿನಾಲ್ಕರ ಹುಡುಗಿಯನ್ನು ಅವಳ ತಾಯಿ ಒಮ್ಮೆ ಕರೆದುಕೊಂಡು ಬಂದಿದ್ದರು. ಮೂರು ವಾರದ ಹಿಂದೆ ಶಾಲೆಯಲ್ಲೆಲ್ಲ ಹಬ್ಬಿದ್ದ ಜ್ವರ ಇವಳಿಗೂ ಬಂದು ಹೋಗಿತ್ತು. ಆಮೇಲೆ ಸೊರಗುತ್ತಲೇ ಹೋದಳು. ಜ್ವರದ ನಿಶ್ಶಕ್ತಿ ಎಂದುಕೊಂಡ ತಾಯಿ ದಿನಕ್ಕೆ ಮೂರು ಲೋಟ ಗ್ಲೂಕೋಸ್ ಪುಡಿಯ ನೀರು ಕುಡಿಸಿದ್ದರು. ಪಾಪ, ಯಾವ ತಾಯಿಯಾದರೂ ಅದನ್ನೇ ಮಾಡುತ್ತಿದ್ದರು. ಕೈಯಲ್ಲಿದ್ದ ಚೀಟಿಯಲ್ಲಿ ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಪರೀಕ್ಷೆ ಎಂದು ಬರೆದಿತ್ತು. "ನಾಳೆ ಬರುತ್ತೇವೆ ಸಾರ್, ಎಷ್ಟಾಗುತ್ತದೆ ಎಂದು ಕೇಳೋಣ ಅಂತ ಬಂದೆವು" ಎಂದವರು, ಹೊರಡುವ ಮುಂಚೆ ಮಾತಿಗೆ ಮಾತು ಸೇರಿಸಿ, "ಈಚೆಗೆ ಬಚ್ಚಲಿಗೆ ಇರುವೆ ಮುತ್ತುತ್ತವೆ" ಎಂದರು. ಮೂತ್ರದಲ್ಲಿ ಸಕ್ಕರೆ ಹೋಗುತ್ತಿದ್ದರೆ ಇರುವೆ ಮುತ್ತುತ್ತವೆ. ನಾನು ಅವರನ್ನು ಬಾಗಿಲಿನಿಂದಲೇ ವಾಪಸ್ ಕರೆದೆ. 452 ಇತ್ತು. ಮೂತ್ರಕ್ಕೆ ಅದ್ದಿದ ಕೀಟೋನ್ ಪಟ್ಟಿ ನೇರಳೆ ಬಣ್ಣಕ್ಕೆ ತಿರುಗಿತು. ಅಲ್ಲಿಂದಲೇ ಆಂಬ್ಯುಲೆನ್ಸ್‌ನಲ್ಲಿ ಕೋಲಾರಕ್ಕೆ ಕಳುಹಿಸಿದೆವು. ಹುಡುಗಿ ಉಳಿದಳು, ಈಗ ಕಾಲೇಜಿಗೆ ಹೋಗುತ್ತಾಳೆ.

ಮಕ್ಕಳಲ್ಲಿ ಮತ್ತು ಹರೆಯದವರಲ್ಲಿ ಈ ಲಕ್ಷಣ ಕಂಡರೆ ಖಾಲಿ ಹೊಟ್ಟೆಗಾಗಿ ಕಾಯಲೇಬಾರದು. ಊಟ ಆಗಿರಲಿ ಬಿಡಲಿ, ಹಗಲಿರಲಿ ರಾತ್ರಿಯಿರಲಿ, ಆ ಕ್ಷಣದ ಸಕ್ಕರೆ ನೋಡಿದರೆ ಸಾಕು. ಒಳ್ಳೆಯ ಅಭ್ಯಾಸವಿದ್ದ ಮಗು ಮತ್ತೆ ಹಾಸಿಗೆ ಒದ್ದೆ ಮಾಡಿಕೊಳ್ಳಲು ಶುರು ಮಾಡಿದರೂ ಇದೇ ಮಾತು.

ಹೆಜ್ಜೆ 2: ಅಂಕಿ ನಿಮ್ಮದೇ ಎಂದು ಖಾತ್ರಿ ಮಾಡಿಕೊಳ್ಳಿ

ಮಾವಿನ ಹಣ್ಣಿನ ಕಥೆ ಹೇಳಿದೆ. ದ್ರಾಕ್ಷಿ, ಬಾಳೆ, ಬೆಲ್ಲ, ಏನು ಮುಟ್ಟಿದ ಬೆರಳಾದರೂ ಹಾಗೆಯೇ. ಸ್ಪಿರಿಟ್ ಹತ್ತಿಯಿಂದ ಒರೆಸಿದರೆ ಸಾಲದು, ಸೋಪು ನೀರಿನಲ್ಲಿ ತೊಳೆದು ಒಣಗಿಸಬೇಕು. ಮೀಟರಿನ ಪಟ್ಟಿಗಳ ಡಬ್ಬಿ ತೆರೆದಿಟ್ಟಿದ್ದರೆ, ತಾರೀಖು ಮೀರಿದ್ದರೆ, ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿ ಇಟ್ಟಿದ್ದರೆ ಆ ಅಂಕಿಯನ್ನು ನಂಬಬೇಡಿ. ಎಲ್ಲ ಸರಿಯಿದ್ದರೂ ಒಳ್ಳೆಯ ಮೀಟರಿಗೂ ಶೇ 15ರಷ್ಟು ಆಚೀಚೆ ಆಗುವ ಅವಕಾಶ ಕೊಟ್ಟಿದ್ದಾರೆ. ಮೀಟರ್ ಇರುವುದು ಕಾವಲಿಗೆ. ಕಾಯಿಲೆ ಇದೆ ಎಂದು ತೀರ್ಪು ಕೊಡುವುದು ರಕ್ತನಾಳದಿಂದ ತೆಗೆದ ರಕ್ತ.

ಆ ರಕ್ತದಲ್ಲೂ ತಪ್ಪಾಗುತ್ತದೆ. ಜ್ವರಕ್ಕೆ ಗ್ಲೂಕೋಸ್ ಡ್ರಿಪ್ ಹಾಕಿರುವ ಕೈಯಿಂದಲೇ ರಕ್ತ ಎಳೆದರೆ ಸಕ್ಕರೆ ಆಕಾಶಕ್ಕೇರುತ್ತದೆ. ಇನ್ನೊಂದು ಕೈಯಿಂದ ತೆಗೆಯಿರಿ ಎಂದು ಕೇಳಲು ಸಂಕೋಚ ಬೇಡ. ಇದಕ್ಕೆ ತಿರುಗುಮುರುಗಾದ ತಪ್ಪು ಹಳ್ಳಿಗಳಲ್ಲಿ ಹೆಚ್ಚು. ಮನೆಗೇ ಬಂದು ರಕ್ತ ತೆಗೆದು, ಟ್ಯೂಬನ್ನು ಜೇಬಿನಲ್ಲಿಟ್ಟುಕೊಂಡು, ಇನ್ನೂ ನಾಲ್ಕು ಮನೆ ಸುತ್ತಿ ಮಧ್ಯಾಹ್ನದ ಹೊತ್ತಿಗೆ ಪಟ್ಟಣಕ್ಕೆ ತಲುಪಿಸುವವರಿದ್ದಾರೆ. ಟ್ಯೂಬಿನೊಳಗಿನ ರಕ್ತಕಣಗಳಿಗೂ ಹಸಿವಿರುತ್ತದೆ. ಗಂಟೆಗೆ ಸುಮಾರು ಶೇ 5ರಿಂದ 7ರಷ್ಟು ಗ್ಲೂಕೋಸನ್ನು ಅವೇ ತಿಂದು ಹಾಕುತ್ತವೆ. ಅದಕ್ಕಾಗಿಯೇ ಸಕ್ಕರೆ ಪರೀಕ್ಷೆಗೆ ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬ್ ಬಳಸುತ್ತೇವೆ. ಬೇರೆ ಬಣ್ಣದ ಮುಚ್ಚಳ ಕಂಡರೆ ಒಂದು ಮಾತು ಕೇಳಿ.

ಇನ್ನು ಊಟದ ನಂತರದ ಪರೀಕ್ಷೆ. ಎರಡು ಗಂಟೆ ಎಣಿಸುವುದು ಮೊದಲ ತುತ್ತು ಬಾಯಿಗಿಟ್ಟ ಹೊತ್ತಿನಿಂದ, ಕೈ ತೊಳೆದ ಹೊತ್ತಿನಿಂದಲ್ಲ. ನಡುವೆ ಟೀ ಕುಡಿದು ಬಂದು "ಟೀ ತಾನೇ ಸಾರ್" ಎನ್ನುವವರ ಜೊತೆ ನಾನು ಈಗ ವಾದ ಮಾಡುವುದನ್ನು ಬಿಟ್ಟಿದ್ದೇನೆ, ಮರುದಿನ ಬನ್ನಿ ಎನ್ನುತ್ತೇನೆ.

ಖಾಲಿ ಹೊಟ್ಟೆಯಲ್ಲಿ 126 ಅಥವಾ ಹೆಚ್ಚು, ಗ್ಲೂಕೋಸ್ ಕುಡಿದ ಎರಡು ಗಂಟೆಗೆ 200 ಅಥವಾ ಹೆಚ್ಚು, ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) 6.5 ಅಥವಾ ಹೆಚ್ಚು: ಇವು ಮಧುಮೇಹದ ಗೆರೆಗಳು. ಲಕ್ಷಣಗಳು ಸ್ಪಷ್ಟವಾಗಿದ್ದರೆ ಯಾವುದೇ ಹೊತ್ತಿನ 200 ಕೂಡ ಸಾಕು. ಲಕ್ಷಣವಿಲ್ಲದಿದ್ದರೆ ಒಂದೇ ಪರೀಕ್ಷೆಯ ಮೇಲೆ ಹಣೆಪಟ್ಟಿ ಹಚ್ಚುವುದಿಲ್ಲ, ಎರಡನೆಯದು ಬೇಕು. ಮೈಯಲ್ಲಿ ಜ್ವರವಿರುವಾಗ ದೇಹ ಕಾರ್ಟಿಸಾಲ್, ಅಡ್ರಿನಲಿನ್ ಮೊದಲಾದ ಹಾರ್ಮೋನುಗಳನ್ನು ಸುರಿಸಿ ಸಕ್ಕರೆಯನ್ನು ತಾನೇ ಏರಿಸಿಕೊಳ್ಳುತ್ತದೆ. ಆ ದಿನದ ಅಂಕಿಗೆ ಮದ್ದು ಬೇಕಾಗಬಹುದು, ಆದರೆ ಅದು ಕಾಯಂ ಹೆಸರಿಡುವ ದಿನವಲ್ಲ.

ಹೆಜ್ಜೆ 3: ಸಕ್ಕರೆಯ ವಯಸ್ಸು ಕಂಡುಹಿಡಿಯಿರಿ

ನನ್ನ ಮಟ್ಟಿಗೆ ಇದೇ ಮುಖ್ಯ. ಸಕ್ಕರೆ ಹೆಚ್ಚು ಎಂದು ಗೊತ್ತಾದ ದಿನವೇ, ಚಿಕಿತ್ಸೆ ಶುರುವಾಗುವ ಮೊದಲು, ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಒಂದು ಎಚ್‌ಬಿಎ1ಸಿಗೂ ರಕ್ತ ಕೊಡಿ. ಇದು ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. ಅಂದರೆ ಜ್ವರಕ್ಕೂ ಮುಂಚಿನ ದಿನಗಳು ಅದರಲ್ಲಿ ದಾಖಲಾಗಿರುತ್ತವೆ.

ಒಂದು ಸಣ್ಣ ಲೆಕ್ಕವಿದೆ. ಎಚ್‌ಬಿಎ1ಸಿ ಅಂಕಿಯನ್ನು 28.7ರಿಂದ ಗುಣಿಸಿ, 46.7 ಕಳೆಯಿರಿ. ಬಂದದ್ದು ಆ ತಿಂಗಳುಗಳ ಸರಾಸರಿ ಸಕ್ಕರೆ. ಮಂಡಿಯವರದು 8.1 ಬಂತು. ಲೆಕ್ಕ ಹಾಕಿದರೆ 186. ಅಂದಿನ 214ಕ್ಕೂ ಇದಕ್ಕೂ ದೂರವಿಲ್ಲ. ಹಾಗಾದರೆ ಚಿಕೂನ್‌ಗುನ್ಯ ಬರುವ ಮೊದಲೇ ಸಕ್ಕರೆ ಅವರ ಮನೆಯಲ್ಲಿ ಬಾಡಿಗೆಗಿತ್ತು. ಜ್ವರ ಬಂದು ಬಾಗಿಲು ತಟ್ಟಿದ್ದರಿಂದ ಗೊತ್ತಾಯಿತು, ಅಷ್ಟೆ. ಹುಡುಗಿಯದು 7.6, ಅಂದರೆ ಸರಾಸರಿ 171. ಬಂದ ದಿನ 452. ಇಷ್ಟು ಅಂತರವಿದ್ದರೆ ಏರಿಕೆ ಈಚಿನದು, ರಭಸದ್ದು. 2021ರಲ್ಲಿ ಕೋವಿಡ್‌ಗೆ ಆಸ್ಪತ್ರೆ ಸೇರಿದ್ದ ನನ್ನ ಅಕ್ಕನಿಗೆ 310 ಇದ್ದ ದಿನ ಎಚ್‌ಬಿಎ1ಸಿ 5.9, ಸರಾಸರಿ 123. ಅವಳ ವಿಷಯ ಮುಂದಿನ ಹೆಜ್ಜೆಯಲ್ಲಿ ಹೇಳುತ್ತೇನೆ.

ಲೆಕ್ಕ ಅಂದಾಜಿನದು. ರಕ್ತಹೀನತೆ ಇರುವವರಲ್ಲಿ ದಾರಿ ತಪ್ಪಿಸುತ್ತದೆ: ಕಬ್ಬಿಣಾಂಶ ಕಡಿಮೆಯಿದ್ದರೆ ಎಚ್‌ಬಿಎ1ಸಿ ಸುಳ್ಳೇ ಏರಬಹುದು, ಹೊಸದಾಗಿ ರಕ್ತ ಹಾಕಿಸಿಕೊಂಡಿದ್ದರೆ, ರಕ್ತಸ್ರಾವವಾಗಿದ್ದರೆ ಇಳಿಯಬಹುದು. ಆದ್ದರಿಂದ ಹಿಮೋಗ್ಲೋಬಿನ್ ಕೂಡ ಜೊತೆಗೇ ನೋಡಿಸಿ. ನಮ್ಮ ಕಡೆಯ ಹೆಂಗಸರಲ್ಲಿ ಇದು ಮರೆಯಬಾರದ ಮಾತು.

ಮನೆಯ ಟ್ರಂಕನ್ನೂ ಒಮ್ಮೆ ತಡಕಾಡಿ. ಹೆಂಗಸರಾದರೆ ಹಳೆಯ ತಾಯಿ ಕಾರ್ಡ್. ಬಸಿರಿನಲ್ಲಿ ಸಕ್ಕರೆ ಇತ್ತೆಂದು ಅದರಲ್ಲಿ ಬರೆದಿದ್ದರೆ ಅರ್ಧ ಉತ್ತರ ಸಿಕ್ಕಂತೆ. ಕಣ್ಣಿನ ಪೊರೆ ಆಪರೇಷನ್ ಶಿಬಿರದ ಚೀಟಿ, ವಿಮೆ ಮಾಡಿಸುವಾಗಿನ ತಪಾಸಣೆ, ಯಾವಾಗಲೋ ಗಾಯಕ್ಕೆ ಹೊಲಿಗೆ ಹಾಕಿಸಿದಾಗಿನ ವರದಿ, ಎಲ್ಲದರಲ್ಲೂ ಸಕ್ಕರೆಯ ಅಂಕಿ ಅಡಗಿರುತ್ತದೆ. ಮಂಡಿಯವರ ಹೆಂಡತಿ ಎರಡು ವರ್ಷದ ಹಿಂದಿನ ಒಂದು ಚೀಟಿ ಹುಡುಕಿ ತಂದರು, ಖಾಲಿ ಹೊಟ್ಟೆಯಲ್ಲಿ 138. ಆಗ ಯಾರೂ ಹೇಳಿರಲಿಲ್ಲವೋ, ಹೇಳಿದ್ದನ್ನು ಇವರು ಕೇಳಿಸಿಕೊಂಡಿರಲಿಲ್ಲವೋ, ಆ ಜಗಳ ಗಂಡ ಹೆಂಡತಿ ನನ್ನೆದುರೇ ಆಡಿದರು.

ಹೆಜ್ಜೆ 4: ಜ್ವರಕ್ಕೆ ತೆಗೆದುಕೊಂಡ ಔಷಧಿಗಳನ್ನೆಲ್ಲ ಮೇಜಿನ ಮೇಲೆ ಹರಡಿ

ಸ್ಟೀರಾಯ್ಡ್ ಇದ್ದೀತೇ ಎಂದು ನೋಡುವುದಕ್ಕೆ. ಪ್ರೆಡ್ನಿಸೊಲೋನ್, ಡೆಕ್ಸಾಮೆಥಸೋನ್, ಮೀಥೈಲ್‌ಪ್ರೆಡ್ನಿಸೊಲೋನ್, ಬೀಟಾಮೆಥಸೋನ್, ಡೆಫ್ಲಜಾಕಾರ್ಟ್ ಎಂಬ ಹೆಸರು ಮಾತ್ರೆಯ ಹಾಳೆಯ ಮೇಲಿದ್ದರೆ ಸಕ್ಕರೆ ಏರಿದ್ದಕ್ಕೆ ಅದೇ ಕಾರಣವಾಗಿರಬಹುದು. ಕೋವಿಡ್‌ನಲ್ಲಿ ಉಸಿರಾಟ ಕೆಟ್ಟವರಿಗೆ ಡೆಕ್ಸಾಮೆಥಸೋನ್ ಜೀವ ಉಳಿಸಿದ ಔಷಧಿ. ನನ್ನ ಅಕ್ಕನಿಗೂ ಅದನ್ನೇ ಕೊಟ್ಟರು. 310ಕ್ಕೆ ಇನ್ಸುಲಿನ್ ಹಾಕಿ ಇಳಿಸಿದರು. ಮೂರು ತಿಂಗಳ ಹೊತ್ತಿಗೆ ಎಲ್ಲ ಔಷಧಿ ನಿಂತು ಸಕ್ಕರೆ ಸರಿಯಾಯಿತು.

ಚಿಕೂನ್‌ಗುನ್ಯದ ನಂತರದ ಕೀಲು ನೋವಿನ ಕಥೆ ಮಾತ್ರ ಬೇರೆ. 2006ರಲ್ಲಿ ಆ ಜ್ವರ ಕೋಲಾರ, ತುಮಕೂರು ಕಡೆ ಹಬ್ಬಿದಾಗ ಬಾಗಿಕೊಂಡೇ ನಡೆದವರು ಈಗಲೂ ನೆನೆಸಿಕೊಳ್ಳುತ್ತಾರೆ. ಆ ನೋವಿಗೆ ಹೆಸರಿಲ್ಲದ ಗುಳಿಗೆಗಳನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ಕೊಡುವವರು ಸಂತೆಗೊಬ್ಬರಿದ್ದಾರೆ. ಎರಡು ದಿನದಲ್ಲಿ ನೋವು ಮಾಯ, ಹಸಿವು ಜೋರು, ಮುಖ ತುಂಬಿಕೊಳ್ಳುತ್ತದೆ. ಇಂಥ ಪವಾಡ ಕಂಡರೆ ಪೊಟ್ಟಣದಲ್ಲಿ ಸ್ಟೀರಾಯ್ಡ್ ಇರಬಹುದೆಂದು ಅನುಮಾನಿಸಿ, ಪೊಟ್ಟಣ ಸಮೇತ ವೈದ್ಯರಿಗೆ ತೋರಿಸಿ. ನೀವಾಗಿಯೇ ದಿಢೀರನೆ ನಿಲ್ಲಿಸಬೇಡಿ. ವಾರಗಟ್ಟಲೆ ತಿಂದ ಸ್ಟೀರಾಯ್ಡನ್ನು ಒಮ್ಮೆಲೇ ಬಿಟ್ಟರೆ ರಕ್ತದೊತ್ತಡ ಕುಸಿದು ಅಪಾಯವಾಗಬಹುದು. ಇಳಿಸುವ ಲೆಕ್ಕ ವೈದ್ಯರದ್ದು.

ಸ್ಟೀರಾಯ್ಡಿನ ಸಕ್ಕರೆಗೆ ಇನ್ನೊಂದು ಕಳ್ಳಬುದ್ಧಿ ಇದೆ. ಬೆಳಿಗ್ಗೆ ಮಾತ್ರೆ ನುಂಗಿದವರಲ್ಲಿ ಮಧ್ಯಾಹ್ನದ ಊಟದ ನಂತರದಿಂದ ಸಂಜೆಯವರೆಗೆ ಏರಿ, ರಾತ್ರಿ ಕಳೆಯುವಷ್ಟರಲ್ಲಿ ಇಳಿದಿರುತ್ತದೆ. ಖಾಲಿ ಹೊಟ್ಟೆಯಲ್ಲಿ 104 ಎಂದು ಸಮಾಧಾನಪಟ್ಟು ಮನೆಗೆ ಹೋದವರಿಗೆ ಸಂಜೆ ನಾಲ್ಕಕ್ಕೆ 290 ಇರುವುದನ್ನು ನೋಡಿದ್ದೇನೆ. ಸ್ಟೀರಾಯ್ಡ್ ನಡೆಯುತ್ತಿದ್ದರೆ ಮಧ್ಯಾಹ್ನದ ಊಟದ ಎರಡು ಗಂಟೆಯ ನಂತರ ನೋಡಿಸಿ.

ಸಕ್ಕರೆ ಹೆಚ್ಚಿರುವಾಗ ಸ್ಟೀರಾಯ್ಡೂ ಸೇರಿಕೊಂಡು 2021ರಲ್ಲಿ ಕಪ್ಪು ಶಿಲೀಂಧ್ರ ರೋಗ ಎಷ್ಟು ಜನರ ಕಣ್ಣು, ದವಡೆ ಕಿತ್ತುಕೊಂಡಿತೆಂದು ಮರೆಯುವಂತಿಲ್ಲ. ಮುಖದ ಒಂದೇ ಕಡೆ ನೋವು ಅಥವಾ ಜೋಮು, ಕಣ್ಣಿನ ಊತ, ಎರಡೆರಡಾಗಿ ಕಾಣುವುದು, ಮೂಗಿನಿಂದ ಕಪ್ಪು ಸ್ರಾವ ಕಂಡರೆ ಅಂದೇ ಕಿವಿ ಮೂಗು ಗಂಟಲಿನ ತಜ್ಞರ ಬಳಿ ಹೋಗಬೇಕು.

ಹೆಜ್ಜೆ 5: ಯಾವ ಬಗೆಯ ಮಧುಮೇಹ ಎಂದು ಕೇಳಿ

"ವೈರಸ್ಸೇ ಶುಗರ್ ತಂದಿತೇ?" ಎಂಬುದಕ್ಕೆ ಉತ್ತರ: ತರಬಲ್ಲದು, ಆದರೆ ಒಬ್ಬ ರೋಗಿಯನ್ನು ಎದುರಿಗೆ ಕೂರಿಸಿಕೊಂಡು ಇವರಿಗೆ ತಂದದ್ದು ಇದೇ ವೈರಸ್ ಎಂದು ಬೊಟ್ಟು ಮಾಡುವುದು ಬಹಳ ಕಷ್ಟ. ಈ ಗುಮಾನಿ ಹಳೆಯದು. ಮಂಗನಬಾವಿನ ನಂತರ ಮಧುಮೇಹ ಬಂದದ್ದನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಗುರುತಿಸಿದ್ದರು. ತಾಯಿಗೆ ಬಸಿರಿನಲ್ಲಿ ರುಬೆಲ್ಲಾ ತಗುಲಿದರೆ ಹುಟ್ಟಿದ ಮಗುವಿಗೆ ಮುಂದೆ ಮಧುಮೇಹದ ಸಾಧ್ಯತೆ ಹೆಚ್ಚು. 1979ರಲ್ಲಿ ಅಮೆರಿಕದಲ್ಲಿ ಕೀಟೋ ಆಸಿಡೋಸಿಸ್‌ನಿಂದ ತೀರಿಕೊಂಡ ಹತ್ತು ವರ್ಷದ ಹುಡುಗನೊಬ್ಬನ, ಇನ್ಸುಲಿನ್ ಮಾಡುವ ಮೇದೋಜೀರಕ ಗ್ರಂಥಿಯಿಂದ ಕಾಕ್ಸಾಕಿ ಬಿ4 ಎಂಬ ವೈರಸ್ಸನ್ನು ಬೇರ್ಪಡಿಸಿದರು. ಆ ಗುಂಪಿನ ಎಂಟೆರೋ ವೈರಸ್‌ಗಳ ಮೇಲೆ ಇಂದಿಗೂ ಕಣ್ಣಿದೆ.

ಕೋವಿಡ್ ಬಂದ ಮೇಲೆ ಚರ್ಚೆ ದೊಡ್ಡದಾಯಿತು. ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆ ದಾಖಲೆಗಳ ಮೇಲೆ 2022ರಲ್ಲಿ ಪ್ರಕಟವಾದ ಅಧ್ಯಯನ, ಕೋವಿಡ್ ಬಂದು ಹೋದವರಲ್ಲಿ ಮುಂದಿನ ಒಂದು ವರ್ಷದಲ್ಲಿ ಹೊಸ ಮಧುಮೇಹದ ಅಪಾಯ ಸುಮಾರು ಶೇ 40ರಷ್ಟು ಹೆಚ್ಚು ಎಂದಿತು. ಇದನ್ನು ನೂರಕ್ಕೆ ನಲವತ್ತು ಜನರಿಗೆ ಬರುತ್ತದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹಂಚಿದವರನ್ನು ಕಂಡಿದ್ದೇನೆ. ಹಾಗಲ್ಲ. ಅದೇ ಅಧ್ಯಯನದ ಪ್ರಕಾರ ಸಾವಿರ ಜನರಲ್ಲಿ ಹೆಚ್ಚುವರಿಯಾಗಿ ಬಂದದ್ದು ಸುಮಾರು ಹದಿಮೂರು ಜನರಿಗೆ.

ಟೈಪ್ 1 ಮಧುಮೇಹದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ಮಾಡುವ ಬೀಟಾ ಕಣಗಳನ್ನು ಕೊಲ್ಲುತ್ತದೆ. ಇದು ಸಾಮಾನ್ಯವಾಗಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಸದ್ದಿಲ್ಲದೆ ನಡೆದಿರುತ್ತದೆ. ತೊಲೆಗೆ ಗೆದ್ದಲು ಹಿಡಿದು ಬಹುಕಾಲವಾಗಿತ್ತು, ಗಾಳಿ ಬೀಸಿದ ದಿನ ಮುರಿಯಿತು. ಜ್ವರ ಆ ಗಾಳಿ. ಹುಡುಗಿಯದು ಇದೇ. ಅಪರೂಪಕ್ಕೆ ಗೆದ್ದಲೇ ಇಲ್ಲದೆ ದಿನಗಳಲ್ಲಿ ಕಣಗಳೆಲ್ಲ ನಾಶವಾಗುವುದೂ ಉಂಟು. ಫಲ್ಮಿನಂಟ್ ಟೈಪ್ 1 ಎಂದು ಕರೆಯುವ ಇದನ್ನು ಮೊದಲು ವಿವರಿಸಿದವರು ಜಪಾನಿನವರು, 2000ದಲ್ಲಿ. ಅದರಲ್ಲಿ ಸಕ್ಕರೆ ಆಕಾಶದಲ್ಲಿದ್ದರೂ ಎಚ್‌ಬಿಎ1ಸಿ ಮಾತ್ರ ಅಷ್ಟೇನೂ ಏರಿರುವುದಿಲ್ಲ, ಏರಲು ಪುರುಸೊತ್ತು ಸಿಕ್ಕಿರುವುದಿಲ್ಲ. ಎಚ್‌ಬಿಎ1ಸಿ ಚೆನ್ನಾಗಿದೆ ಎಂದು ಮನೆಗೆ ಹೋಗುವ ಹಾಗಿಲ್ಲ ಎಂದು ಇದಕ್ಕಾಗಿಯೇ ಹೇಳುವುದು.

ವಯಸ್ಸು ಕಡಿಮೆ, ಮೈ ತೆಳು, ಮನೆತನದಲ್ಲಿ ಯಾರಿಗೂ ಇಲ್ಲ, ತೂಕ ಇಳಿದಿದೆ ಎಂದಾದರೆ ಜಿಎಡಿ ಆ್ಯಂಟಿಬಾಡಿ ಮತ್ತು ಸಿ ಪೆಪ್ಟೈಡ್ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಮೊದಲನೆಯದು ದಾಳಿ ನಡೆದಿದೆಯೇ ಎಂದು, ಎರಡನೆಯದು ಇನ್ಸುಲಿನ್ ಎಷ್ಟು ಉಳಿದಿದೆ ಎಂದು ಹೇಳುತ್ತದೆ. ತಾಲ್ಲೂಕಿನ ಲ್ಯಾಬ್‌ಗಳಲ್ಲಿ ರಕ್ತ ತೆಗೆದು ಬೆಂಗಳೂರಿಗೆ ಕಳುಹಿಸುತ್ತೇವೆ. ದುಬಾರಿ ಪರೀಕ್ಷೆಗಳು, ನಲವತ್ತು ದಾಟಿದ, ಹೊಟ್ಟೆ ಬಂದ, ತಂದೆಗೂ ತಾಯಿಗೂ ಶುಗರ್ ಇದ್ದವರು ಸುಮ್ಮನೆ ಮಾಡಿಸಿ ದುಡ್ಡು ಕಳೆದುಕೊಳ್ಳಬೇಕಿಲ್ಲ. ನಮ್ಮ ಲ್ಯಾಬಿಗೆ ನಷ್ಟವಾದರೂ ಹೇಳುತ್ತೇನೆ.

ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆಯನ್ನೂ ಮಾಡಿಸಿಬಿಡಿ. ಕ್ಷಯಕ್ಕೂ ಸಕ್ಕರೆಗೂ ಹಳೆಯ ಸ್ನೇಹ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಹೆಜ್ಜೆ 6: ಚಿಕಿತ್ಸೆ ಶುರುವಾದ ಮೇಲೆ ತಗ್ಗುವ ಸಕ್ಕರೆಯನ್ನು ಕಾಯಿರಿ

ಎಲ್ಲರೂ ಏರುವ ಸಕ್ಕರೆಗೆ ಹೆದರುತ್ತಾರೆ. ಜ್ವರದ ನಂತರದ ವಾರಗಳಲ್ಲಿ ನನಗೆ ಹೆಚ್ಚು ಭಯ ಇಳಿಯುವ ಸಕ್ಕರೆಯದು. ಜ್ವರದ ತಾಪ ಆರುತ್ತಿದ್ದಂತೆ, ಸ್ಟೀರಾಯ್ಡ್ ಇಳಿಸುತ್ತಿದ್ದಂತೆ ದೇಹಕ್ಕೆ ಬೇಕಾದ ಔಷಧಿಯ ಪ್ರಮಾಣವೂ ಇಳಿಯುತ್ತದೆ. ಆಸ್ಪತ್ರೆಯಲ್ಲಿ ಬರೆದುಕೊಟ್ಟ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗ್ಲಿಮಿಪಿರೈಡ್ ಮಾತ್ರೆಯನ್ನು ತಿಂಗಳಾದರೂ ಅದೇ ಪ್ರಮಾಣದಲ್ಲಿ ತೆಗೆದುಕೊಳ್ಳುತ್ತಿದ್ದರೆ ಒಂದು ದಿನ ಬೆವರು, ನಡುಕ, ತಡೆಯಲಾಗದ ಹಸಿವು, ತಬ್ಬಿಬ್ಬು. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಆಮೇಲೆ ಊಟ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಸುರಿಯಬೇಡಿ, 108 ಕರೆಯಿರಿ. ಅಕ್ಕ ಆಸ್ಪತ್ರೆಯಿಂದ ಬಂದ ಎರಡನೆಯ ವಾರದಲ್ಲಿ ಬೆಳಗಿನ ಜಾವ 58ಕ್ಕೆ ಇಳಿದಿದ್ದಳು. ಅಂದಿನಿಂದ ಮೊದಲ ತಿಂಗಳು ವಾರಕ್ಕೊಮ್ಮೆಯಾದರೂ ಅಂಕಿಗಳ ಪುಸ್ತಕ ವೈದ್ಯರಿಗೆ ತೋರಿಸಿ ಎಂದು ಎಲ್ಲರಿಗೂ ಹೇಳುತ್ತೇನೆ.

ಇನ್ಸುಲಿನ್ ಬರೆದುಕೊಟ್ಟರೆ "ಒಮ್ಮೆ ಶುರು ಮಾಡಿದರೆ ಬಿಡುವ ಹಾಗಿಲ್ಲ" ಎಂಬ ಮಾತಿಗೆ ಕಿವಿಗೊಡಬೇಡಿ. ಅಕ್ಕ ಬಿಟ್ಟಳು. ಹುಡುಗಿ ಬಿಡುವ ಹಾಗಿಲ್ಲ. ಅದನ್ನು ನಿರ್ಧರಿಸುವುದು ಕಾಯಿಲೆಯ ಬಗೆ, ಸೂಜಿಯಲ್ಲ. ಟೈಪ್ 1 ಇರುವವರಲ್ಲೂ ಚಿಕಿತ್ಸೆ ಶುರುವಾದ ಕೆಲವು ವಾರಗಳಿಗೆ ಉಳಿದ ಕಣಗಳು ಚೇತರಿಸಿಕೊಂಡು ಇನ್ಸುಲಿನ್ ಬಹಳ ಕಡಿಮೆ ಸಾಕಾಗುವ ಕಾಲವೊಂದು ಬರುತ್ತದೆ. ವಾಸಿಯಾಯಿತೆಂದು ನಾಟಿ ಔಷಧಿಯವರು ಹೆಸರು ಮಾಡಿಕೊಳ್ಳುವುದು ಆ ತಿಂಗಳುಗಳಲ್ಲೇ. ಆಗ ಇನ್ಸುಲಿನ್ ಬಿಡಿಸಿದರೆ ಮಗು ಮತ್ತೆ ಮೊದಲ ಹೆಜ್ಜೆಯ ಸ್ಥಿತಿಗೇ ಬರುತ್ತದೆ.

ಸೀಸೆ ಮತ್ತು ಸಿರಿಂಜ್ ಹೊಂದಬೇಕು. ನಮ್ಮಲ್ಲಿ ಸಿಗುವ ಇನ್ಸುಲಿನ್ ಸೀಸೆಗಳು ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್ಟಿನವು. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಕಿತ್ತಳೆ ಮುಚ್ಚಳದ್ದು 100 ಯೂನಿಟ್ಟಿನ ಸೀಸೆಗೆ. ಅದಲು ಬದಲಾದರೆ ಪ್ರಮಾಣ ಎರಡೂವರೆ ಪಟ್ಟು ಏರುಪೇರಾಗುತ್ತದೆ. ಅಂಗಡಿಯಲ್ಲಿ ಸಿರಿಂಜ್ ಕೇಳುವಾಗ ಸೀಸೆಯನ್ನೂ ತೋರಿಸಿ ತೆಗೆದುಕೊಳ್ಳಿ.

ಫ್ರಿಜ್ ಇಲ್ಲದ ಮನೆಯಲ್ಲಿ ದೊಡ್ಡ ಮಣ್ಣಿನ ಮಡಕೆಯೊಳಗೆ ಮರಳು ಹಾಕಿ, ಅದರಲ್ಲಿ ಸಣ್ಣ ಮಡಕೆ ಕೂರಿಸಿ, ಮರಳಿಗೆ ದಿನಾ ನೀರು ಚಿಮುಕಿಸಿ. ಸೀಸೆಯನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಒಳಗಿಟ್ಟು, ಒದ್ದೆ ಬಟ್ಟೆ ಮುಚ್ಚಿ, ನೆರಳಿನಲ್ಲಿಡಿ. ಬಳಸಲು ಶುರು ಮಾಡಿದ ಸೀಸೆಯನ್ನು ಹೀಗೆ ತಂಪಾಗಿಟ್ಟು ನಾಲ್ಕು ವಾರ ಬಳಸಬಹುದು. ಫ್ರಿಜ್ ಇರುವವರು ಫ್ರೀಜರ್‌ನಲ್ಲಿ ಮಾತ್ರ ಇಡಬೇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು.

ಮೆಟ್‌ಫಾರ್ಮಿನ್‌ನಂಥ ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತವೆ. ಮೂವತ್ತು ದಾಟಿದವರಿಗೆ ಅಲ್ಲಿ ಸಕ್ಕರೆ ಮತ್ತು ರಕ್ತದೊತ್ತಡದ ತಪಾಸಣೆಯೂ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಯಾವ ದಿನ ಹೋಗಬೇಕೆಂದು ಹೇಳುತ್ತಾರೆ. ಮತ್ತೆ ಜ್ವರ ಬಂದು ವಾಂತಿಯಾಗುತ್ತಿದ್ದರೆ ಮೆಟ್‌ಫಾರ್ಮಿನ್, ಅದರಲ್ಲೂ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು ತಡೆಹಿಡಿಯಬೇಕೇ ಎಂದು ಅಂದೇ ವೈದ್ಯರನ್ನು ಕೇಳಿ. ಈ ಕೊನೆಯ ಎರಡರಲ್ಲಿ ಸಕ್ಕರೆ ಹೆಚ್ಚಿಲ್ಲದೆಯೂ ಕೀಟೋನ್ ಏರಬಹುದು. ಇನ್ಸುಲಿನ್ ಮಾತ್ರ, ಊಟ ಸೇರುತ್ತಿಲ್ಲ ಎಂಬ ಕಾರಣಕ್ಕೆ ಪೂರ್ತಿ ನಿಲ್ಲಿಸಬಾರದು; ಪ್ರಮಾಣ ಕೇಳಿ ತಿಳಿದುಕೊಳ್ಳಬೇಕು.

ಹೆಜ್ಜೆ 7: ಜ್ವರದ ಪಥ್ಯ ಬಿಟ್ಟು ಊಟಕ್ಕೆ ಬನ್ನಿ

ಜ್ವರದಲ್ಲಿ ರೂಢಿಯಾದ ಬೆಲ್ಲದ ಅಂಬಲಿ, ಎಳನೀರು, ಗ್ಲೂಕೋಸ್ ನೀರು, ಡೆಂಗಿ ಎಂದಾದರೆ ಪ್ಲೇಟ್‌ಲೆಟ್ ಏರಲೆಂದು ಸಾಲ ಮಾಡಿ ತಂದ ಕಿವಿ ಹಣ್ಣು, ದಾಳಿಂಬೆ ರಸ, ಇವೆಲ್ಲ ಜ್ವರ ಬಿಟ್ಟ ಮೇಲೂ ವಾರಗಟ್ಟಲೆ ಮುಂದುವರಿಯುತ್ತವೆ. ಮೊದಲು ಅವನ್ನು ನಿಲ್ಲಿಸಿ. ಎಷ್ಟೋ ಜನರ ಅಂಕಿ ಇದೊಂದರಿಂದಲೇ ಐವತ್ತು ಅರವತ್ತು ಇಳಿದದ್ದು ಕಂಡಿದ್ದೇನೆ.

ರಾಗಿಯ ಬಗ್ಗೆ ಮಾತಾಡಿದರೆ ಕೋಲಾರದಲ್ಲಿ ಪೆಟ್ಟು ಬೀಳುತ್ತದೆ, ಆದರೂ ಹೇಳಬೇಕು. ನಾರು, ಸುಣ್ಣದಂಶ ಎಲ್ಲ ನಿಜ. ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಶರ್ಕರಪಿಷ್ಟವೇ ಇದೆ. ಅಕ್ಕಿ ಬಿಟ್ಟು ರಾಗಿಗೆ ಬಂದೆ ಎಂದು ತೆಂಗಿನಕಾಯಿ ಗಾತ್ರದ ಎರಡು ಮುದ್ದೆ ನುಂಗಿದರೆ ಲೆಕ್ಕ ಅಲ್ಲಿಗಲ್ಲಿಗೇ. ಮುದ್ದೆ ಒಂದೇ ಸಾಕು, ಮುಷ್ಟಿಯಷ್ಟು. ಜೊತೆಗೆ ಸೊಪ್ಪಿನ ಬಸ್ಸಾರು, ಅದರ ಪಲ್ಯ ತಟ್ಟೆಯ ಅರ್ಧ, ಹುರುಳಿ ಅಥವಾ ಅವರೆಕಾಳು. ಅದೇ ರಾಗಿ ನೀರಾಗಿ ಅಂಬಲಿಯಾದರೆ ಬೇಗ ಏರುತ್ತದೆ. ಜ್ವರದಿಂದ ಕರಗಿದ ಮಾಂಸಖಂಡ ಮರಳಬೇಕಾದರೆ ಮೊಟ್ಟೆ, ಮೊಸರು, ಬೇಳೆ ಹೆಚ್ಚಿರಲಿ. ಮಾವಿನ ಹಣ್ಣು? ಮಂಡಿಯವರಿಗೆ ವೈದ್ಯರು ಅರ್ಧ ಹಣ್ಣು, ಅದೂ ಮುದ್ದೆ ಕಡಿಮೆ ಮಾಡಿದ ದಿನ ಎಂದಿದ್ದಾರೆ. ರಸ ಮಾಡಿ ಕುಡಿಯುವುದಿಲ್ಲ ಎಂದು ನನಗೆ ಮಾತು ಕೊಟ್ಟಿದ್ದಾರೆ, ನಂಬಿದ್ದೇನೆ.

ಕೀಲು ನೋವಿರುವಾಗ ನಡೆಯಿರಿ ಎನ್ನುವುದು ಸುಲಭ. ಊಟದ ನಂತರ ಹತ್ತು ನಿಮಿಷ ಅಂಗಳದಲ್ಲೇ ಓಡಾಡಿದರೂ ಆಯಿತು.

ಹೆಜ್ಜೆ 8: ಮೂರನೆಯ ತಿಂಗಳ ಪರೀಕ್ಷೆಯನ್ನು ತಪ್ಪಿಸಬೇಡಿ

ಜ್ವರ ಬಿಟ್ಟು, ಸ್ಟೀರಾಯ್ಡ್ ನಿಂತು ಆರರಿಂದ ಹನ್ನೆರಡು ವಾರದೊಳಗೆ ಮತ್ತೆ ನೋಡಿಸಬೇಕು. ಎಚ್‌ಬಿಎ1ಸಿ ಮೂರು ತಿಂಗಳು ತುಂಬಿದ ಮೇಲೆ ಮಾಡಿಸಿದರೆ ಜ್ವರದ ದಿನಗಳು ಅದರಿಂದ ಬಹುಮಟ್ಟಿಗೆ ಕಳಚಿಕೊಂಡಿರುತ್ತವೆ. ಔಷಧಿ ಇಲ್ಲದೆಯೇ ಸಕ್ಕರೆ ಸರಿಯಿರುವವರಿಗೆ ಗ್ಲೂಕೋಸ್ ಕುಡಿಸಿ ನೋಡುವ ಪರೀಕ್ಷೆ ಇನ್ನೂ ಒಳ್ಳೆಯದು. ಅಲ್ಲಿ ಸರಿ ಬಂದರೂ ಕಡತ ಮುಚ್ಚಬೇಡಿ, ವರ್ಷಕ್ಕೊಮ್ಮೆ ನೋಡಿಸುತ್ತಿರಿ. ಜ್ವರದಲ್ಲಿ ಒಮ್ಮೆ ಏರಿದ ಸಕ್ಕರೆ ಮುಂದೆ ಕಾಯಂ ಆಗಿ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಅಕ್ಕನಿಗೆ ಎರಡು ವರ್ಷ ಸುಮ್ಮನಿದ್ದು, ಮೂರನೆಯ ವರ್ಷ ಖಾಲಿ ಹೊಟ್ಟೆಯಲ್ಲಿ 112 ಬಂತು. ಅದು ಮಧುಮೇಹವಲ್ಲ, ಅದರ ಹೊಸ್ತಿಲು. ಆಗಲೇ ಗೊತ್ತಾದ್ದರಿಂದ ಇನ್ನೂ ಮಾತ್ರೆ ಇಲ್ಲದೆ ನಡೆಯುತ್ತಿದೆ.

ಗ್ಲೂಕೋಸ್ ಪರೀಕ್ಷೆಗೆ ಬರುವ ಮೊದಲ ಮೂರು ದಿನ ಊಟ ಕಡಿಮೆ ಮಾಡಬೇಡಿ, ಎಂದಿನಂತೆ ಉಣ್ಣಿ; ಉಪವಾಸವಿದ್ದು ಬಂದರೆ ಫಲಿತಾಂಶವೇ ಕೆಡುತ್ತದೆ. ಹಿಂದಿನ ರಾತ್ರಿಯಿಂದ ಎಂಟು ಗಂಟೆ ನೀರು ಬಿಟ್ಟು ಬೇರೇನೂ ಬೇಡ. ಮೊದಲ ಬಸ್ಸಿಗೆ ಹೊರಟು ಏಳೂವರೆಗೆ ಬನ್ನಿ. 75 ಗ್ರಾಂ ಗ್ಲೂಕೋಸ್ ಕರಗಿಸಿದ ನೀರನ್ನು ಐದು ನಿಮಿಷದೊಳಗೆ ಕುಡಿದು ಮುಗಿಸಬೇಕು; ನಿಂಬೆರಸ ಎರಡು ಹನಿ ಹಾಕಿದರೆ ವಾಕರಿಕೆ ಕಡಿಮೆ. ಆಮೇಲೆ ಎರಡು ಗಂಟೆ ಬೀಡಿ ಇಲ್ಲದೆ, ಸಂತೆ ಸುತ್ತದೆ ಬೆಂಚಿನ ಮೇಲೆ ಕೂರಬೇಕು. ಮಂಡಿಯವರ ಹೆಂಡತಿ ಸೆಪ್ಟೆಂಬರಿನಲ್ಲಿ ಹಾಗೆಯೇ ಬಂದು ಕೂತರು. ಗಂಡನದು ಗೊತ್ತಾದ ಮೇಲೆ ತಮ್ಮದನ್ನೂ ನೋಡಿಸಿಕೊಳ್ಳುವ ಮನಸ್ಸಾಗಿತ್ತು. ಪರೀಕ್ಷೆ ಮುಗಿದ ಮೇಲೆ ತಿನ್ನಲು ಡಬ್ಬಿಯಲ್ಲಿ ರೊಟ್ಟಿ, ಹುರುಳಿಕಾಳು ಪಲ್ಯ ಕಟ್ಟಿಕೊಂಡು ಬಂದಿದ್ದರು. ನೀವೂ ಏನಾದರೂ ಕಟ್ಟಿಕೊಂಡು ಬನ್ನಿ. ನಮ್ಮ ಲ್ಯಾಬಿನ ಎದುರಿನ ಅಂಗಡಿಯಲ್ಲಿ ಅಷ್ಟು ಹೊತ್ತಿಗೆ ಸಿಗುವುದು ಬೆಣ್ಣೆ ಬನ್ನು ಮತ್ತು ಸಕ್ಕರೆ ಜಾಸ್ತಿ ಹಾಕಿದ ಟೀ ಮಾತ್ರ.